ಮೊದಲು ಕಚ್ಚಾ ಹೊಲಿಗೆ ಹಾಕಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಬೆಂಗಳೂರಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವನು. ಬೇರೆಯವರು ಕಟ್ಟಿದ್ದು ಎಲ್ಲಿ ಕೆಡುತ್ತದೆ ಎಂದು ಹುಡುಕುವುದೇ ನಮ್ಮ ಕೆಲಸ. ಹಾಗಾಗಿ ಇವತ್ತು ಮಕ್ಕಳು ಹವ್ಯಾಸಕ್ಕಾಗಿ ಕಟ್ಟುವ ಎಲೆಕ್ಟ್ರಾನಿಕ್ ಮಾದರಿಗಳ ಬಗ್ಗೆ, ಅದರಲ್ಲೂ ಮೊಟ್ಟಮೊದಲ ಮಾದರಿಯ ಬಗ್ಗೆ, ನಾಲ್ಕು ಮಾತು ಹೇಳುತ್ತೇನೆ.

ದರ್ಜಿಯವರು ಹೊಸ ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರೆ. ತೊಡಿಸಿ ನೋಡಿ, ಬಿಚ್ಚಿ, ಸರಿಪಡಿಸಿ, ಆಮೇಲೆ ಪಕ್ಕಾ ಹೊಲಿಗೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಈ ಕಚ್ಚಾ ಹೊಲಿಗೆಗೆ ಇರುವ ಸಾಧನ ಬ್ರೆಡ್‌ಬೋರ್ಡ್. ಹಿಂದೆ ರೇಡಿಯೋ ಹವ್ಯಾಸಿಗಳು ಬ್ರೆಡ್ ಕತ್ತರಿಸುವ ಮರದ ಹಲಗೆಗೆ ಮೊಳೆ ಹೊಡೆದು ತಂತಿ ಸುತ್ತುತ್ತಿದ್ದರು. ಹೆಸರು ಹಾಗೆ ಬಂತು. ನಮ್ಮೂರಲ್ಲಿ ಹುಟ್ಟಿದ್ದರೆ ಅದು ರೊಟ್ಟಿಮಣೆ ಆಗುತ್ತಿತ್ತೇನೋ! ಈಗಿನದು ಪ್ಲಾಸ್ಟಿಕ್ಕಿನದು, ರಂಧ್ರದಿಂದ ರಂಧ್ರಕ್ಕೆ 2.54 ಮಿಲಿಮೀಟರ್. ನಡುವಿನ ಭಾಗದಲ್ಲಿ ಐದೈದು ರಂಧ್ರಗಳು ಒಳಗೆ ಕೂಡಿಕೊಂಡಿರುತ್ತವೆ. ಬೆಸುಗೆ ಬೇಡ, ಚುಚ್ಚಿದರಾಯಿತು, ಬೇಡವೆನಿಸಿದರೆ ಕಿತ್ತರಾಯಿತು.

ಮೋಟಾರು ಹಾಕಿ ಮರೆತು, ಟ್ಯಾಂಕು ತುಂಬಿ ಅಂಗಳವೆಲ್ಲ ನೀರಾದ ಮೇಲೆ ಓಡಿ ಬರುವುದು ನಮ್ಮ ಎಷ್ಟೋ ಮನೆಗಳ ಕಥೆ. ಟ್ಯಾಂಕು ತುಂಬಿದೆ ಎಂದು ತಿಳಿಸುವ ದೀಪವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೇಕಾಗುವುದು 9 ವೋಲ್ಟಿನ ಬ್ಯಾಟರಿ, ಬಿಸಿ 547 ಎಂಬ ಟ್ರಾನ್ಸಿಸ್ಟರ್, ಒಂದು ಕೆಂಪು ಎಲ್‌ಇಡಿ, 470 ಓಮ್ ಮತ್ತು 10 ಕಿಲೋ ಓಮ್‌ನ ಎರಡು ರೆಸಿಸ್ಟರ್, ಒಂದಿಷ್ಟು ತಂತಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ತಂತಿ ನೀರಿಗೆ ಇಳಿಯುತ್ತದೆ. ಟ್ಯಾಂಕು ತುಂಬುವ ಮಟ್ಟದಲ್ಲಿ ನಿಂತ ಇನ್ನೊಂದು ತಂತಿ 10 ಕಿಲೋ ಓಮ್ ದಾಟಿ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಬರುತ್ತದೆ. ನೀರು ಎರಡನ್ನೂ ಮುಟ್ಟಿದಾಗ ಹರಿಯುವ ವಿದ್ಯುತ್ ಅತ್ಯಲ್ಪ. ಆ ಅಲ್ಪವೇ ಟ್ರಾನ್ಸಿಸ್ಟರನ್ನು ಎಬ್ಬಿಸಿ ದೀಪ ಹೊತ್ತಿಸುತ್ತದೆ.

ಮಕ್ಕಳೇ, ಇದನ್ನು ಒಮ್ಮೆಲೇ ಕಟ್ಟಬೇಡಿ. ಮೊದಲು ಎಲ್‌ಇಡಿ ಮತ್ತು 470 ಓಮ್ ಮಾತ್ರ ಬ್ಯಾಟರಿಗೆ ಜೋಡಿಸಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗಿರಲಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿ ಆಂಪಿಯರ್. ಓಮ್‌ನ ನಿಯಮ ಪರೀಕ್ಷೆಯ ಅಂಕಕ್ಕಷ್ಟೇ ಇರುವುದಲ್ಲ, ಎಲ್‌ಇಡಿ ಸುಡದಂತೆ ಕಾಯುವುದೂ ಅದೇ. ದೀಪ ಹೊತ್ತಿದ ಮೇಲೆ ಟ್ರಾನ್ಸಿಸ್ಟರ್ ಸೇರಿಸಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ದೀಪದ ದಾರಿ ಕಲೆಕ್ಟರ್‌ಗೆ, ಬ್ಯಾಟರಿಯ ಮೈನಸ್ ಎಮಿಟರ್‌ಗೆ. ಬೇಸ್‌ನ ತಂತಿಯನ್ನು ಪ್ಲಸ್‌ಗೆ ತಾಗಿಸಿದರೆ ದೀಪ ಬರಬೇಕು, ಬಿಟ್ಟರೆ ಆರಬೇಕು. ನೀರಿನ ಲೋಟ ಬರುವುದು ಆಮೇಲೆ. ಹೀಗೆ ಹಂತಹಂತವಾಗಿ ಹೋದರೆ, ಕೆಟ್ಟಾಗ ಕೊನೆಯ ಹೆಜ್ಜೆಯನ್ನು ಮೊದಲು ಅನುಮಾನಿಸಿದರೆ ಸಾಕು.

ಕೆಟ್ಟಾಗ ಊಹೆ ಮಾಡುತ್ತಾ ಕೂರಬೇಡಿ, ಮಲ್ಟಿಮೀಟರ್ ಹಿಡಿಯಿರಿ. ದೀಪ ಹೊತ್ತಿರುವಾಗ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.7 ವೋಲ್ಟ್ ಇರಬೇಕು. ಇಲ್ಲದಿದ್ದರೆ ಸಂಕೇತ ಅಲ್ಲಿಗೆ ತಲುಪಿಲ್ಲ. ಇದ್ದೂ ದೀಪ ಬರದಿದ್ದರೆ ಕಲೆಕ್ಟರ್ ಕಡೆ ಹುಡುಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ಲೋಟದ ನೀರಲ್ಲಿ ದೀಪ ಹೊತ್ತಿತು, ಚಪ್ಪಾಳೆ ಬಿತ್ತು. ನಮ್ಮ ಹೆಚ್ಚಿನ ವಸ್ತುಪ್ರದರ್ಶನಗಳು ಇಲ್ಲಿಗೇ ಮುಗಿಯುತ್ತವೆ. ನಿಜವಾದ ಪರೀಕ್ಷೆ ಶುರುವಾಗುವುದೇ ಇಲ್ಲಿಂದ. ಕೊಳವೆಬಾವಿಯ ನೀರಲ್ಲಿ ಲವಣ ಹೆಚ್ಚು, ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಮಳೆನೀರಲ್ಲಿ ಕಡಿಮೆ. ಎರಡರಲ್ಲೂ ನೋಡಿದಿರಾ? ಬ್ಯಾಟರಿ 7 ವೋಲ್ಟಿಗೆ ಇಳಿದಾಗ? ಮಳೆಗಾಲದಲ್ಲಿ ಮುಚ್ಚಳದ ಕೆಳಗೆ ಹನಿಗಟ್ಟಿ ತಂತಿಗಳ ನಡುವೆ ಒದ್ದೆಯಾದಾಗ, ಟ್ಯಾಂಕು ತುಂಬದೆಯೇ ದೀಪ ಹೊತ್ತುತ್ತದೆಯೇ? ತಾಮ್ರದ ತಂತಿ ಒಂದು ವಾರ ನೀರಲ್ಲಿದ್ದು ವಿದ್ಯುತ್ ಹರಿದರೆ, ಪ್ಲಸ್ ಕಡೆಯ ತಂತಿ ಸವೆಯತೊಡಗುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ವಿಜ್ಞಾನದ ಪಾಠದಲ್ಲಿ ಬರುವ ವಿದ್ಯುದ್ವಿಭಜನೆ ನಿಮ್ಮ ಟ್ಯಾಂಕಿನಲ್ಲೇ ನಡೆಯುತ್ತಿರುತ್ತದೆ. ಅದಕ್ಕೇ ತುದಿಗೆ ತುಕ್ಕು ಹಿಡಿಯದ ಉಕ್ಕು ಬಳಸಬೇಕು. ನೋಡಬೇಕಾದಾಗ ಮಾತ್ರ ವಿದ್ಯುತ್ ಹರಿಯಲು ಒಂದು ಒತ್ತುಗುಂಡಿ ಇಡಬೇಕು. ಇದು ಲೋಟದ ಮುಂದೆ ಹತ್ತು ನಿಮಿಷ ನಿಂತವರಿಗೆ ಗೊತ್ತಾಗುವುದಿಲ್ಲ, ವಾರಗಟ್ಟಲೆ ಕಾದವರಿಗೆ ಗೊತ್ತಾಗುತ್ತದೆ.

ದೊಡ್ಡವರೂ ಹೀಗೆಯೇ ಕೆಲಸ ಮಾಡಿದ್ದಾರೆ. ಹವ್ಯಾಸಿಗಳ ಅಚ್ಚುಮೆಚ್ಚಿನ 555 ಟೈಮರ್ ಚಿಪ್ಪನ್ನು ರೂಪಿಸಿದವರು ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ಕ್ಯಾಮೆನ್‌ಜಿಂಡ್. 1971ರ ಬೇಸಿಗೆಯಲ್ಲಿ ಅವರ ಮೊದಲ ವಿನ್ಯಾಸ ಪರಿಶೀಲನೆಯಲ್ಲಿ ಪಾಸಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ಅವರಿಗೆ ಇನ್ನೂ ಸರಳ ದಾರಿ ಹೊಳೆಯಿತು. ಒಪ್ಪಿಗೆ ಸಿಕ್ಕಿದ್ದನ್ನೇ ಬದಲಿಸಿ, ಮತ್ತೆ ಪರಿಶೀಲನೆಗೆ ಒಡ್ಡಿದರು. ಒಂಬತ್ತು ಕಾಲು ಬೇಕಿದ್ದ ಚಿಪ್ಪು ಎಂಟು ಕಾಲಿಗೆ ಇಳಿದು ಚಿಕ್ಕ ಕವಚದಲ್ಲಿ ಕೂತಿತು. ಇವತ್ತಿಗೂ ಅದು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ. ಮೊದಲ ಮಾದರಿಗಳೆಲ್ಲ ಬ್ಯಾಟರಿಯಲ್ಲೇ ಇರಲಿ. ಗೋಡೆಯ 230 ವೋಲ್ಟ್ ಬ್ರೆಡ್‌ಬೋರ್ಡಿಗೆ ಬರಲೇಕೂಡದು. ಮೋಟಾರನ್ನು ತಾನಾಗಿಯೇ ಆರಿಸುವ ಆಸೆಯಿದ್ದರೆ ಆ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗೇ ಕೊಡಿ.

ಈಗ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ರಂಗಮಂದಿರದ ಮಾತು ಬಂದಿದೆ, ಆಗಲಿ. ಜೊತೆಗೆ ಒಂದು ಮೇಜೂ ಇರಲಿ. ಅದರ ಮೇಲೆ ನಾಲ್ಕು ಬ್ರೆಡ್‌ಬೋರ್ಡ್, ಎರಡು ಮಲ್ಟಿಮೀಟರ್, ಬಿಡಿಭಾಗಗಳ ಡಬ್ಬಿಗಳು. ಸುಟ್ಟುಹೋದ ಎಲ್‌ಇಡಿಗೆ ಯಾರೂ ಮಕ್ಕಳನ್ನು ಗದರಬಾರದು, ಅದರ ಖರ್ಚು ನಮ್ಮದು. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಮಾದರಿ ತಯಾರಿಸಲು ಸರ್ಕಾರ 10,000 ರೂಪಾಯಿ ಕೊಡುತ್ತದೆ. ಆದರೆ ಆಯ್ಕೆಯಾಗುವ ಮೊದಲು ಕೈ ಪಳಗಬೇಕಲ್ಲ, ಅದಕ್ಕೆ ಈ ಮೇಜು.

ಗುರುಗಳಲ್ಲಿ ನನ್ನ ಬಿನ್ನಹವಿಷ್ಟೇ: ಹೊಳೆಯುವ ಮಾದರಿಗೆ ಎಷ್ಟು ಅಂಕವೋ, ಯಾಕೆ ಕೆಟ್ಟಿತು ಎಂದು ಬರೆದ ಪುಸ್ತಕಕ್ಕೂ ಅಷ್ಟೇ ಅಂಕ ಕೊಡಿ. ಮಕ್ಕಳು ಕಟ್ಟಿದ ಮೊದಲ ದೀಪವನ್ನು ನಮ್ಮ ಶಾಲೆಯ ಟ್ಯಾಂಕಿಗೇ ತೂಗುಹಾಕಿ. ಜೂನ್‌ನಿಂದ ಮಾರ್ಚ್‌ವರೆಗೆ, ಮಳೆ, ಚಳಿ, ಬಿಸಿಲು ಮೂರನ್ನೂ ಅದು ಕಾಣಲಿ. ಏನೇನು ಕೆಟ್ಟಿತೆಂದು ಮಕ್ಕಳು ನಮಗೆ ತಿಳಿಸಲಿ. ಬೇಕಾದ ಸಾಮಾನು ಕಳಿಸುವುದು ನಮ್ಮ ಜವಾಬ್ದಾರಿ.