ಹತ್ತು ಸಾವಿರ ರೋಬೋಟು, ನೋಡೋಕೆ ಒಂದೇ

ಲೆಕ್ಕದಿಂದಲೇ ಶುರು ಮಾಡ್ತೀನಿ. ಹತ್ತು ತಲೆ, ಹತ್ತು ಮುಂಡ, ಹತ್ತು ಜೊತೆ ಕೈ, ಹತ್ತು ಜೊತೆ ಕಾಲು. ಒಟ್ಟು 40 ಬಿಡಿಭಾಗ. ಚೀಟಿ ಎತ್ತಿದ ಹಾಗೆ ಒಂದೊಂದನ್ನು ಆರಿಸಿ ಜೋಡಿಸು ಅಂತ ಕಂಪ್ಯೂಟರಿಗೆ ಹೇಳಿದರೆ 10,000 ರೋಬೋಟು ಸಿಗುತ್ತವೆ. ಪುಣೆಯ ನನ್ನ ಬಾಡಿಗೆ ಮನೆಯಲ್ಲಿ ಕೂತು, ಬ್ಲೆಂಡರ್‌ನ ಜಿಯೊಮೆಟ್ರಿ ನೋಡ್ಸ್‌ನಲ್ಲಿ ಇದನ್ನೇ ಮಾಡಿದೆ. ನನ್ನ ಗೇಮ್‌ಗೆ ಇನ್ನು ಶತ್ರುಗಳ ಬರ ಇಲ್ಲ ಅಂದುಕೊಂಡೆ. ಅಣ್ಣನ ಮಗಳು ಐದು ನಿಮಿಷ ಆಡಿ ಕೇಳಿದಳು: "ಚಿಕ್ಕಪ್ಪ, ಇದನ್ನ ಆಗ್ಲೇ ಹೊಡೆದೆನಲ್ಲಾ?"

ಹೊಡೆದಿರಲಿಲ್ಲ. ಅದು ಬೇರೆ ರೋಬೋಟು.

ಕೇಟ್ ಕಾಂಪ್ಟನ್ ಅನ್ನೋರು ಈ ಕಷ್ಟಕ್ಕೆ ಓಟ್ಸ್ ಗಂಜಿಯ ಉದಾಹರಣೆ ಕೊಟ್ಟಿದ್ದಾರೆ. ಹತ್ತು ಸಾವಿರ ಬಟ್ಟಲಲ್ಲಿ ಗಂಜಿ ಬಡಿಸಿ. ಒಂದೊಂದು ಬಟ್ಟಲಲ್ಲೂ ಕಾಳು ಕೂತ ರೀತಿ ಬೇರೆಯೇ. ತಿನ್ನೋರಿಗೆ ಮಾತ್ರ ಎಲ್ಲವೂ ಗಂಜಿ.

ಆಮೇಲೆ ನಾನು ಚೀಟಿ ಎತ್ತೋ ಜಾಗವನ್ನೇ ಬದಲಾಯಿಸಿದೆ. ಭಾಗಗಳನ್ನು ಆರಿಸೋದಲ್ಲ, ಮೊದಲು ಕೆಲಸ ಆರಿಸೋದು: ಇದು ಭಾರ ಹೊರುತ್ತಾ, ಓಡುತ್ತಾ, ಗೋಡೆ ಹತ್ತುತ್ತಾ? ಕೆಲಸದಿಂದ ಎತ್ತರ ಮತ್ತು ತೂಕ, ತೂಕದಿಂದ ಕಾಲು. ಇಲ್ಲಿ ಹಳೇ ಭೌತಶಾಸ್ತ್ರ ಕೈ ಹಿಡಿಯಿತು. ಅದೇ ಆಕಾರದಲ್ಲಿ ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತೆ, ಆದರೆ ಆ ತೂಕ ಹೊರೋ ಕಾಲಿನ ಅಡ್ಡಕೊಯ್ತ ನಾಲ್ಕೇ ಪಟ್ಟು. ಹಾಗಾಗಿ ದೊಡ್ಡ ರೋಬೋಟಿನ ಕಾಲು ಎತ್ತರದ ಲೆಕ್ಕ ಮೀರಿ ದಪ್ಪ ಆಗಲೇಬೇಕು. ಆನೆ ಕಾಲನ್ನೂ ಜಿಂಕೆ ಕಾಲನ್ನೂ ನೆನೆಸಿಕೊಳ್ಳಿ. ಈ ಒಂದು ನಿಯಮ ಹಾಕಿದ್ದೇ ತಡ, ಭಾರ ಹೊರೋದು ಗಿಡ್ಡ ಕುತ್ತಿಗೆ, ಅಗಲ ಪಾದದ್ದಾಯಿತು. ಓಡೋದು ಕಡ್ಡಿ ಕಾಲಿನದಾಯಿತು. ಎಲ್ಲಕ್ಕೂ ಕಪ್ಪು ಬಳಿದು ನೆರಳಿನಂತೆ ನೋಡಿದೆ. ಆಗಲೂ ಯಾವುದು ಯಾವುದು ಅಂತ ಗುರುತು ಸಿಕ್ಕಿತು. ಬಣ್ಣ, ಆಂಟೆನಾ, ನಟ್ಟು ಬೋಲ್ಟು ಮಾತ್ರ ಈಗ ಚೀಟಿ ಪಾಲು.

ಇನ್ನೊಂದು ಮಾತು. ಸೀಡ್ ಅನ್ನೋ ಆರಂಭದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಿಯಮ ಬದಲಾಗದಿದ್ದರೆ ಅದೇ ಅಂಕಿಗೆ ಅದೇ ರೋಬೋಟು ಮತ್ತೆ ಹುಟ್ಟುತ್ತೆ. 1984ರ 'ಎಲೀಟ್' ಗೇಮ್ 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋದಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ನಕ್ಷತ್ರಲೋಕ ತೋರಿಸಿದ್ದು ಈ ಉಪಾಯದಿಂದಲೇ. ನಾನು ಬರೆದಿಡದೆ ಒಂದು ಚೆಂದದ ಮೂರು ಕಾಲಿನದನ್ನು ಕಳಕೊಂಡೆ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಈಗಿರೋ ಮೂರು ಕಾಲಿನದು ಮೆಟ್ಟಿಲು ಕಂಡರೆ ಮುಗ್ಗರಿಸುತ್ತೆ. ಅದರ ನಡಿಗೆ ಸರಿಪಡಿಸೋದನ್ನ ಮುಂದಿನ ವೀಡಿಯೋದಲ್ಲಿ ನೋಡೋಣ.