ಟೆಲಿವಿಷನ್ನಿನಲ್ಲಿ ದೆವ್ವದ ಬೇಟೆ



ನಾನು ಚಿಕ್ಕವನಾಗಿದ್ದಾಗ ಬೇಸಿಗೆಯ ರಜೆ ಬಂತೆಂದರೆ ಕೂಡ್ಲಿಗಿಯ ಕಡೆಯ ಒಂದು ಹಳ್ಳಿಗೆ, ಸೋದರಮಾವನ ಮನೆಗೆ, ಹೋಗುವುದು ವಾಡಿಕೆಯಾಗಿತ್ತು. ಮಣ್ಣಿನ ಮಾಳಿಗೆಯ ಹಳೆಯ ಮನೆ. ಒಂದು ವರ್ಷ ಆ ಮನೆಯ ಹಿಂದಿನ ಕೋಣೆಯಲ್ಲಿ ರಾತ್ರಿಯ ಹೊತ್ತು ಯಾರೋ ನಡೆದಾಡಿದಂತೆ ಸಪ್ಪಳ ಕೇಳಿಸತೊಡಗಿತು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಅಜ್ಜಿಯೇ ಬಂದಿದ್ದಾಳೆಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟರು. ಮಾವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಕೋಣೆಯ ನೆಲಕ್ಕೆಲ್ಲ ತೆಳ್ಳಗೆ ಹರಡಿದರು.

“ಏನ್ ಮಾಡಾಕತ್ತೀ ಅಣ್ಣಾ?” ಎಂದು ನಮ್ಮ ತಾಯಿ ಕೇಳಿದರು.

“ಬಂದೋರ ಹೆಜ್ಜಿ ಮೂಡ್ಲಿ ಬಿಡವ್ವ. ಹೆಜ್ಜಿ ಇಲ್ದಂಗ ಸಪ್ಪಳಾದ್ರ ನಾನೂ ಕೈ ಮುಗೀತೀನಿ” ಎಂದರು ಮಾವ.

ಬೆಳಿಗ್ಗೆ ನೋಡಿದರೆ ಬೂದಿಯ ಮೇಲೆ ಹೆಗ್ಗಣದ ಹೆಜ್ಜೆಗಳು. ಮೂಲೆಯ ಶೇಂಗಾ ಚೀಲದವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿದ್ದವು.

ಈ ಹಳೆಯ ಸಂಗತಿ ನನಗೆ ಮತ್ತೆ ನೆನಪಾದದ್ದು ಕೊಟ್ಟೂರಿನ ಬಂಧುಗಳ ಮನೆಯೊಂದರಲ್ಲಿ. ಊಟ ಮುಗಿದಿತ್ತು. ಮಕ್ಕಳು ಟೆಲಿವಿಷನ್ನಿನ ಮುಂದೆ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದರು. ತೆರೆಯ ಮೇಲೆ ಹಸಿರು ಬಣ್ಣದ ಕತ್ತಲೆ. ಪಾಳುಬಂಗಲೆಯೊಂದರಲ್ಲಿ ನಾಲ್ಕಾರು ಜನ ಯಂತ್ರಗಳನ್ನು ಹಿಡಿದು ಪಿಸುಗುಟ್ಟುತ್ತ ನಡೆಯುತ್ತಿದ್ದರು. ಒಂದು ಯಂತ್ರದ ದೀಪ ಮಿನುಗಿತು. “ಇಲ್ಲಿ ಯಾರೋ ಇದ್ದಾರೆ!” ಎಂದು ಒಬ್ಬಾತ ಉಸಿರು ಬಿಗಿಹಿಡಿದು ಹೇಳಿದ. ಅಷ್ಟರಲ್ಲಿ ಜಾಹೀರಾತು ಬಂತು. “ನೋಡಿದ್ರ್ಯಾ, ಈಗ ವಿಜ್ಞಾನದವರೇ ಒಪ್ಪಿಕೊಂಡ್ರು!” ಎಂದರು ಮನೆಯ ಹಿರಿಯರು.

ವಿಜ್ಞಾನದವರು ನಿಜವಾಗಿಯೂ ಒಪ್ಪಿಕೊಂಡರೆ? ಆ ಬಂಗಲೆಗೂ ನಮ್ಮ ಮಾವನ ಕೋಣೆಗೂ ಇರುವ ವ್ಯತ್ಯಾಸವೇನು? ಇಂದು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಇಷ್ಟನ್ನೇ.

ಮೊದಲು ಆ ಯಂತ್ರಗಳನ್ನು ನೋಡೋಣ. ದೀಪ ಮಿನುಗಿಸುವ ಯಂತ್ರ ಅಳೆಯುವುದು ವಿದ್ಯುತ್ತಿನ ತಂತಿಗಳ ಸುತ್ತ ಇರುವ ಕಾಂತಕ್ಷೇತ್ರವನ್ನು. ಗೋಡೆಯೊಳಗಿನ ತಂತಿ, ಪಂಪಿನ ಮೋಟಾರು, ಜೇಬಿನಲ್ಲಿರುವ ಮೊಬೈಲ್ ಫೋನು, ಇವುಗಳಲ್ಲಿ ಯಾವುದು ಹತ್ತಿರ ಬಂದರೂ ಅದು ಮಿನುಗಬಹುದು. ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ದೆವ್ವಕ್ಕೆ ಕಾಂತಕ್ಷೇತ್ರವುಂಟೆಂದು ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲವಷ್ಟೆ. ಹಾಗಿರುವಾಗ ದೀಪ ಹತ್ತಿದ್ದಕ್ಕೆ ದೆವ್ವವೇ ಕಾರಣವೆನ್ನುವುದು ಹೇಗೆ? ಇನ್ನು, ಫೋಟೋದಲ್ಲಿ ತೇಲುವ ಬೆಳಕಿನ ಉಂಡೆಗಳು. ಕ್ಯಾಮೆರಾದ ಕಣ್ಣಿಗೆ ತೀರ ಸಮೀಪದಲ್ಲಿ ಧೂಳಿನ ಕಣವೊಂದು ಹಾರಿದರೆ, ಫ್ಲಾಷಿನ ಬೆಳಕು ಅದಕ್ಕೆ ತಾಗಿ, ಅದು ಸ್ಪಷ್ಟವಾಗಿ ಮೂಡದೆ ದುಂಡಗೆ ಹರಡಿಕೊಳ್ಳುತ್ತದೆ. ಪಾಳುಬಂಗಲೆಯಲ್ಲಿ ಧೂಳಿಗೇನು ಬರವೆ?

ಮೂರನೆಯ ಯಂತ್ರದ ವಿಷಯವನ್ನು ರೇಡಿಯೋ ಇಟ್ಟುಕೊಂಡಿರುವ ತಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ರಾತ್ರಿ ಮೀಡಿಯಂ ವೇವಿನ ಮುಳ್ಳನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ, ಹಗಲಿನಲ್ಲಿ ಕೇಳಿಸದ ದೂರದ ನಿಲಯಗಳ ತುಣುಕು ಮಾತು, ತುಣುಕು ಹಾಡು ಕೇಳಿಸುವುದುಂಟು. ಹಗಲಿನಲ್ಲಿ ಆ ಅಲೆಗಳನ್ನು ಹೀರಿಕೊಳ್ಳುವ ವಾಯುಮಂಡಲದ ಕೆಳಪದರವೊಂದು ಸೂರ್ಯ ಮುಳುಗಿದ ಮೇಲೆ ಕರಗಿಹೋಗುವುದೇ ಇದಕ್ಕೆ ಕಾರಣ. ದೆವ್ವ ಹುಡುಕುವವರ “ಮಾತಿನ ಪೆಟ್ಟಿಗೆ” ಎಂಬುದು ನಿಲ್ಲದೆ ನಿಲಯದಿಂದ ನಿಲಯಕ್ಕೆ ಹಾರುತ್ತಿರುವ ಇಂಥದೇ ಒಂದು ರೇಡಿಯೋ. ಅದು ಉಗುಳುವ ತುಣುಕುಗಳನ್ನು ನಮ್ಮ ಮನಸ್ಸು ಹೊಲಿದು ಮಾತಾಗಿಸುತ್ತದೆ. 1959ರಲ್ಲಿ ಸ್ವೀಡನ್ ದೇಶದ ಫ್ರೀಡ್ರಿಕ್ ಯುರ್ಗೆನ್ಸನ್ ಎಂಬ ಕಲಾವಿದರು, ತಾವು ಮುದ್ರಿಸಿಕೊಂಡಿದ್ದ ಹಕ್ಕಿಗಳ ದನಿಯ ಟೇಪಿನಲ್ಲಿ ಸತ್ತವರ ಮಾತು ಕೇಳಿಸಿತೆಂದು ಹೇಳಿದಂದಿನಿಂದ ಈ ನಂಬಿಕೆಗೆ ಬಲ ಬಂತು. ಟೆಲಿವಿಷನ್ನಿನವರಾದರೋ ಒಂದು ಹೆಜ್ಜೆ ಮುಂದೆ ಹೋಗಿ, ದನಿಯೊಡನೆ ತೆರೆಯ ಕೆಳಗೆ ಅಕ್ಷರಗಳನ್ನೂ ತೋರಿಸುತ್ತಾರೆ. “ಹೊರಗೆ ಹೋಗು” ಎಂದು ಕಣ್ಣು ಓದಿದ ಮೇಲೆ ಕಿವಿಗೆ ಬೇರೇನೂ ಕೇಳಿಸುವುದಿಲ್ಲ. ಇನ್ನೊಮ್ಮೆ ಅಂಥ ಕಾರ್ಯಕ್ರಮ ಬಂದಾಗ, ಮನೆಯ ಮೂವರು ಕಣ್ಣು ಮುಚ್ಚಿ ಕೇಳಿ, ಕೇಳಿಸಿದ್ದನ್ನು ಒಬ್ಬರಿಗೊಬ್ಬರು ತೋರಿಸದೆ ಬೇರೆ ಬೇರೆ ಚೀಟಿಗಳಲ್ಲಿ ಬರೆಯಿರಿ. ಆಮೇಲೆ ಚೀಟಿಗಳನ್ನು ಹೋಲಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು.

ಇಂಗ್ಲೆಂಡಿನಲ್ಲಿ 2002ರಿಂದ ‘ಮೋಸ್ಟ್ ಹಾಂಟೆಡ್’ ಎಂಬ ಜನಪ್ರಿಯ ಕಾರ್ಯಕ್ರಮವೊಂದು ಪ್ರಸಾರವಾಗುತ್ತಿತ್ತು. ಅದರ ತಂಡದಲ್ಲಿದ್ದ ಮನಶ್ಶಾಸ್ತ್ರಜ್ಞ ಕಿಯರನ್ ಓಕೀಫ್ ಅವರಿಗೆ, ತಂಡದ ಮಾಧ್ಯಮನಾದ ಡೆರೆಕ್ ಅಕೋರಾ ಅವರ ಮೇಲೆ ಸಂಶಯ ಬಂತು. ಮಾಧ್ಯಮ ಎಂದರೆ ಸತ್ತವರು ತನ್ನ ಮೈಮೇಲೆ ಬಂದು ಮಾತನಾಡುತ್ತಾರೆ ಎನ್ನುವವನು. ಓಕೀಫ್ ಅವರು ಕ್ರೀಡ್ ಕೇಫರ್ ಎಂಬ, ಎಂದೂ ಹುಟ್ಟದ ಮನುಷ್ಯನೊಬ್ಬನನ್ನು ಕಲ್ಪಿಸಿ, ಆ ಹೆಸರು ಅಕೋರಾ ಅವರ ಕಿವಿಗೆ ಬೀಳುವಂತೆ ಮಾಡಿದರು. ಹುಟ್ಟದವನ ಆತ್ಮವೂ ಚಿತ್ರೀಕರಣದ ವೇಳೆಗೆ ಬಂದು ಮಾತನಾಡಿತು! ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ “ಡೆರೆಕ್ ಫೇಕರ್”, ಅಂದರೆ ಡೆರೆಕ್ ಎಂಬ ಸೋಗುಗಾರ, ಎಂದಾಗುತ್ತದೆ. 2005ರಲ್ಲಿ ಆ ದೇಶದ ಪ್ರಸಾರ ನಿಯಂತ್ರಣ ಸಂಸ್ಥೆಯು ಈ ಕಾರ್ಯಕ್ರಮವನ್ನು ತನಿಖೆಯೆಂದಲ್ಲ, ಮನರಂಜನೆಯೆಂದು ಪರಿಗಣಿಸಬೇಕೆಂದು ತೀರ್ಪಿತ್ತಿತು. ಓಕೀಫ್ ಅವರು ಮಾಡಿದ್ದೂ ನಮ್ಮ ಮಾವ ಮಾಡಿದ್ದೂ ಒಂದೇ ಅಲ್ಲವೆ? ರಾತ್ರಿಯಾಗುವ ಮೊದಲೇ ನೆಲಕ್ಕೆ ಬೂದಿ ಹರಡಿದ್ದರು.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡವರು ಡಾ. ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಒಂದು ಸಮಿತಿಯನ್ನು ರಚಿಸಿದರು. ಪಾಂಡವಪುರದಲ್ಲಿ ಒಬ್ಬ ಬಾಲಕನ ಮೈಯಿಂದ ವಿಭೂತಿ ಉದುರುತ್ತದೆಂಬ ಸುದ್ದಿ ಹಬ್ಬಿತ್ತು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಬಟ್ಟೆಯೊಳಗೆ ಅಡಗಿತ್ತು. “ಪರೀಕ್ಷೆಗೆ ಒಳಪಡಿಸಬಹುದಾದ” ಎಂಬ ಮಾತನ್ನು ತಾವು ಗಮನಿಸಬೇಕು. ದೇವರಿದ್ದಾನೋ ಇಲ್ಲವೋ ಎಂದು ಆ ಸಮಿತಿ ಕೇಳಲಿಲ್ಲ. ವಿಭೂತಿ ಎಲ್ಲಿಂದ ಬಂತು ಎಂದು ಕೇಳಿತು.

ಟೆಲಿವಿಷನ್ನು ಮನಸ್ಸು ಮಾಡಿದರೆ ಈ ಪರೀಕ್ಷೆಯನ್ನು ಮನೆಮನೆಗೂ ತೋರಿಸಬಲ್ಲುದು. 2008ರ ಮಾರ್ಚ್ 3ರಂದು ಹಿಂದಿಯ ವಾಹಿನಿಯೊಂದರಲ್ಲಿ ತಾಂತ್ರಿಕನೊಬ್ಬ, ತಾನು ಮಂತ್ರದಿಂದಲೇ ಮೂರು ನಿಮಿಷಗಳಲ್ಲಿ ಮನುಷ್ಯನನ್ನು ಕೊಲ್ಲಬಲ್ಲೆನೆಂದ. “ಹಾಗಾದರೆ ನನ್ನನ್ನೇ ಕೊಲ್ಲಿ” ಎಂದು ವಿಚಾರವಾದಿ ಸನಲ್ ಎಡಮರುಕು ಎದುರಿಗೆ ಕುಳಿತರು. ನಿಮಿಷಗಳು ಗಂಟೆಗಳಾದವು, ರಾತ್ರಿ ಬಯಲಿನಲ್ಲಿ ಹೋಮವೂ ನಡೆಯಿತು. ಸನಲ್ ನಗುತ್ತಲೇ ಕುಳಿತಿದ್ದರು. ನಿಮ್ಮನ್ನು ಯಾವುದೋ ಬಲವಾದ ದೇವರು ಕಾಯುತ್ತಿರಬೇಕೆಂದು ತಾಂತ್ರಿಕ ಹೇಳಿದಾಗ, ತಾನು ನಾಸ್ತಿಕನೆಂದು ಅವರು ಉತ್ತರಿಸಿದರು. ಏನಾದರೆ ಗೆಲುವು, ಏನಾಗದಿದ್ದರೆ ಸೋಲು ಎಂಬುದು ಆ ದಿನ ಮೊದಲೇ ಗೊತ್ತಾಗಿದ್ದುದರಿಂದಲೇ, ಕೊನೆಯಲ್ಲಿ ಹೇಳಿದ ಆ ನೆಪವನ್ನು ನೋಡಿದವರೆಲ್ಲರೂ ನೆಪವೆಂದು ಗುರುತಿಸಬಹುದಾಗಿತ್ತು.

ಈಗ ನಮ್ಮ ಸೀಮೆಗೇ ಬರೋಣ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ನಡೆಯುವ ಕಾರ್ಣಿಕವನ್ನು ತಾವೆಲ್ಲ ಬಲ್ಲಿರಿ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ಲಕ್ಷಾಂತರ ಜನ ಉಸಿರಡಗಿಸಿ ನಿಲ್ಲುತ್ತಾರೆ. ಒಂದೇ ಒಂದು ನುಡಿ. ಆಮೇಲೆ ಆತ ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಆ ಮೌನದಲ್ಲಿ ನಿಂತವರು ಯಾರೂ ಅದನ್ನು ಹಗುರವಾಗಿ ಕಾಣಲಾರರು, ನಾನೂ ಕಾಣಲಾರೆ. ನನ್ನ ತಕರಾರಿರುವುದು ಆ ನುಡಿಯ ಬಗೆಗಲ್ಲ, ಅದರ ಬೆನ್ನಿಗೇ ಟೆಲಿವಿಷನ್ನಿನಲ್ಲಿ ತೊಡಗುವ ವ್ಯಾಖ್ಯಾನದ ಬಗೆಗೆ.

2023ರ ಫೆಬ್ರವರಿಯ ಕಾರ್ಣಿಕ “ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್” ಎಂದಾಗಿತ್ತು. ಮೇ ತಿಂಗಳಲ್ಲಿ ಚುನಾವಣೆ ನಡೆದು ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾದ ಮೇಲೆ, ಕಂಬಳಿಯೆಂದರೆ ಕುರುಬ ಸಮಾಜವಲ್ಲವೆ, ಕಾರ್ಣಿಕ ನಿಜವಾಯಿತು ಎನ್ನುವುದು ಸುಲಭ. ಬೇರೆಯವರು ಗೆದ್ದಿದ್ದರೆ? ಹಳಸಿದ ಅಂಬಲಿ ಸೋತವರದಾಗುತ್ತಿತ್ತು, ಕಂಬಳಿ ಬೀಸಿದ ಗಾಳಿ ಗೆದ್ದವರದಾಗುತ್ತಿತ್ತು. ಇನ್ನೊಂದು ನೋಡಿ. 2025ರ ನುಡಿ “ತುಂಬಿದ ಕೊಡ ತುಳುಕೀತಲೇ ಪರಾಕ್” ಎಂದು. ಇದೇ ನುಡಿ ಒಂದು ವರ್ಷ ಮೊದಲು ಬಂದಿದ್ದರೆ ಏನಾಗುತ್ತಿತ್ತು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತಷ್ಟೆ. ತುಂಬಿದ ಕೊಡವೆಂದರೆ ಆ ಜಲಾಶಯವೇ ಎಂದು ಪ್ರತಿ ವಾಹಿನಿಯೂ ಸಾರುತ್ತಿತ್ತು! ಗೇಟಿನ ಸರಪಳಿಯ ಸ್ಥಿತಿಯನ್ನು ಕೇಳಬೇಕಾಗಿದ್ದ ಬಾಯಿಗಳು ಕೊಡದ ಮಾತನಾಡುತ್ತಿದ್ದವು. ಎಲ್ಲ ಘಟನೆಗಳಿಗೂ ಹೊಂದುವ ನುಡಿ ಯಾವ ಘಟನೆಯನ್ನೂ ಮುಂದಾಗಿ ತಿಳಿಸಿದಂತಾಗುವುದಿಲ್ಲ. ಸಂಶಯವಿದ್ದವರು ಮುಂದಿನ ಜಾತ್ರೆಯ ದಿನವೇ ಅರ್ಥವನ್ನು ಬರೆದು, ತಾರೀಖು ಹಾಕಿ, ಪೆಟ್ಟಿಗೆಯಲ್ಲಿಡಲಿ. ವರ್ಷದ ಕೊನೆಗೆ ತೆಗೆದು ನೋಡಲಿ.

ಇದೆಲ್ಲ ಬರಿಯ ಕಾಲಹರಣದ ವಿಚಾರವಾಗಿದ್ದರೆ ತಮ್ಮ ಸಮಯವನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ತೆರೆಯ ಮುಂದೆ ಕಲಿತ ರೂಢಿ ತೆರೆಯ ಮುಂದೆಯೇ ಉಳಿಯುವುದಿಲ್ಲ. ಹರಪನಹಳ್ಳಿಯ ಮೆಕ್ಕೆಜೋಳದ ಹೊಲದಲ್ಲಿಯೋ, ಹಗರಿಬೊಮ್ಮನಹಳ್ಳಿಯ ಕಾಲುವೆಯ ಬದಿಯಲ್ಲಿಯೋ ಒಬ್ಬನಿಗೆ ಹಾವು ಕಚ್ಚಿತೆನ್ನಿ. ಆಸ್ಪತ್ರೆಗೋ, ಮಂತ್ರ ಹಾಕುವವನ ಬಳಿಗೋ? “ಅವನ ಕೈಯಲ್ಲಿ ಎಷ್ಟೋ ಜನ ಬದುಕಿದ್ದಾರೆ” ಎನ್ನುವರು. ನಿಜವೇ. ಏಕೆಂದರೆ ಕಚ್ಚುವ ಹಾವುಗಳಲ್ಲಿ ಹಲವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹೀಗೆ ತಾವಾಗಿಯೇ ಉಳಿಯುತ್ತಿದ್ದವರೆಲ್ಲ ಮಂತ್ರದ ಲೆಕ್ಕಕ್ಕೆ ಜಮೆಯಾಗುತ್ತಾರೆ. ಸತ್ತವರು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಏರಿದ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿರುವ ಪ್ರತಿವಿಷವೊಂದೇ; ಕಳೆದ ಪ್ರತಿ ಗಳಿಗೆಯೂ ನಷ್ಟ. ಮೂರ್ಛೆರೋಗದ ಮಗುವಿನ ವಿಷಯವೂ, ಮಂಕು ಹಿಡಿದು ಕುಳಿತ ಸೊಸೆಯ ವಿಷಯವೂ ಇಷ್ಟೇ. “ಇಲ್ಲಿ ಯಾರೋ ಇದ್ದಾರೆ” ಎಂದು ತೆರೆಯ ಮೇಲಿನವನು ಹೇಳಿದ್ದನ್ನು ಪ್ರಶ್ನಿಸದೆ ನಂಬಿದ ಮನೆ, ಆ ಹೆಣ್ಣುಮಗಳ ಮೈಯಲ್ಲಿಯೂ ಯಾರೋ ಇದ್ದಾರೆಂಬುದನ್ನು ಬೇಗ ನಂಬುತ್ತದೆ.

ಅದುದರಿಂದ ಇಂಥ ಕಾರ್ಯಕ್ರಮಗಳನ್ನು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳೊಡನೆ ಕುಳಿತು ನೋಡಿ. ನೋಡುತ್ತ ಮೂರು ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಿಸಿ. ಏನಾದರೆ ಇಲ್ಲಿ ದೆವ್ವವಿಲ್ಲವೆಂದು ಇವರು ಒಪ್ಪಿಕೊಳ್ಳುತ್ತಾರೆ? ಬೇರೆ ಕಾರಣಗಳನ್ನು ಹುಡುಕಿದರೆ? ಏನೂ ಆಗದೆ ಕಳೆದ ರಾತ್ರಿಗಳನ್ನು ನಮಗೇಕೆ ತೋರಿಸಲಿಲ್ಲ?

ಕೊನೆಯದಾಗಿ ಒಂದು ಮಾತು. ಆ ದಿನ ಬೆಳಿಗ್ಗೆ ಹೆಗ್ಗಣದ ಹೆಜ್ಜೆಗಳನ್ನು ಕಂಡು ನಾವು ಹುಡುಗರೆಲ್ಲ ನಕ್ಕೆವು. ನಮ್ಮ ತಾಯಿ ನಗಲಿಲ್ಲ; ಬಾಗಿಲಲ್ಲೇ ಸುಮ್ಮನೆ ನಿಂತರು. ಅವರಿಗೆ ಹೆದರಿಕೆಯಷ್ಟೇ ಅಲ್ಲ, ಆಸೆಯೂ ಇತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಾವನಿಗೆ ಆಗಲೇ ತಿಳಿದಿತ್ತು. “ಅವ್ವ ಬರಲಿಲ್ಲ ಅಂದ್ರ ಅವ್ವನ್ನ ಮರತಂಗಲ್ಲವ್ವ” ಎಂದು ಹೇಳಿ, ತಾವೇ ಕಸಬರಿಗೆ ಹಿಡಿದು ಬೂದಿಯನ್ನು ಗುಡಿಸಿದರು. ನಂಬಿದವರನ್ನು ನಗೆಗೀಡುಮಾಡದೆ, ನಂಬಿಕೆಯನ್ನು ಪರೀಕ್ಷಿಸುವ ಆ ರೀತಿ ನಮ್ಮ ಮನೆಗಳಲ್ಲಿಯೂ ಬೆಳೆಯಲಿ ಎಂದು ಹಾರೈಸುತ್ತೇನೆ.