ಲಸಿಕೆಗೂ ಬೇಕು ಹೋಲಿಕೆ ತಾಕು
(ಕೆರಗೋಡಿನಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ರಾಗಿಯ ವಿಷಯ ಮಾತನಾಡಲು ಬಂದವನು. ಆದರೆ ಸಭೆಗೆ ಮೊದಲು ಹಿರಿಯರೊಬ್ಬರು ಕೇಳಿದರು: "ಮಲೆನಾಡಿನಲ್ಲಿ ಮಂಗನ ಕಾಯಿಲೆಗೆ ಅಷ್ಟು ವರ್ಷ ಚುಚ್ಚಿದ ಸೂಜೀನ ನಿಲ್ಲಿಸಿಬಿಟ್ಟರಂತೆ. ಇನ್ನು ಯಾವ ಸೂಜೀನ ನಂಬೋದು ಸ್ವಾಮಿ?" ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರೂ ಜ್ವರದಿಂದ ಸತ್ತರು. ರೋಗ ಹರಡುವುದು ಕಾಡಿನ ಉಣ್ಣೆಯಿಂದ ಎಂದು ವಿಜ್ಞಾನಿಗಳು ಕಂಡುಹಿಡಿದರು. ಸೌದೆ, ದರಗು ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೇ ಅದರ ಅಪಾಯ ಹೆಚ್ಚು.

1990-92ರಲ್ಲಿ ಪರೀಕ್ಷಿಸಿದಾಗ, ಎರಡು ಸಲ ಲಸಿಕೆ ಹಾಕಿಸಿಕೊಂಡವರಿಗೆ ಶೇ. 93ರಷ್ಟು ರಕ್ಷಣೆ ಸಿಕ್ಕಿತ್ತು. 2005-10ರ ಲೆಕ್ಕದಲ್ಲಿ ಅದು ಶೇ. 62ಕ್ಕೆ ಇಳಿದಿತ್ತು. ಅಂದರೆ, ಲಸಿಕೆ ಇಲ್ಲದವರಲ್ಲಿ 100 ಮಂದಿಗೆ ರೋಗ ಬರುವ ಕಡೆ, ಹಾಕಿಸಿಕೊಂಡ ಅಷ್ಟೇ ಜನರಲ್ಲಿ 38 ಮಂದಿಗೆ ಬಂದಂತಾಯಿತು. ಕೊನೆಗೆ 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ.

ಈ ಕುಂದನ್ನು ಕಂಡವರು ಯಾರು? ಸಂಶೋಧಕರೇ. ಹೇಗೆ? ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರೊಡನೆ ಹೋಲಿಸಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ತಂದರಲ್ಲವೇ? ಹೊಸ ತಳಿಯನ್ನು ಹಳೆಯದರ ಪಕ್ಕದಲ್ಲೇ ಬೆಳೆದು, ಇಳುವರಿ ಅಳೆದ ಮೇಲೆಯೇ ಶಿಫಾರಸು ಮಾಡುವುದು. ಒಂದು ಕಾಲಕ್ಕೆ ಚೆನ್ನಾಗಿ ಬಂದ ತಳಿ ಮುಂದೆ ರೋಗಕ್ಕೆ ಬಗ್ಗಬಹುದು. ಹಾಗೆಂದು ನಾವು ಬೇಸಾಯ ಬಿಡುವುದಿಲ್ಲ, ತಳಿ ಬದಲಾಯಿಸುತ್ತೇವೆ.

ಒಂದು ಲಸಿಕೆ ಸೋತರೆ ಎಲ್ಲವೂ ಸೋತಂತಲ್ಲ. ಸಿಡುಬು ಪ್ರಪಂಚದಿಂದಲೇ ಅಳಿಯಿತೆಂದು 1980ರಲ್ಲಿ ಸಾರಿದ್ದು ಲಸಿಕೆಯ ಬಲದಿಂದ. ಆದರೆ ಏರಿದ ಅಂಕಿಯನ್ನು ಹೇಳಿದಷ್ಟೇ ಸ್ಪಷ್ಟವಾಗಿ ಇಳಿದ ಅಂಕಿಯನ್ನೂ ಜನರಿಗೆ ಹೇಳುವುದು ನಮ್ಮಂಥವರ ಕರ್ತವ್ಯ. ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ.

ಆದ್ದರಿಂದ ಔಷಧವಾಗಲಿ, ಗೊಬ್ಬರವಾಗಲಿ, ಮೂರು ಪ್ರಶ್ನೆ ಕೇಳಿ: ಎಷ್ಟು ಜನರಲ್ಲಿ, ಎಷ್ಟು ಹೊಲಗಳಲ್ಲಿ ನೋಡಿದ್ದೀರಿ? ಯಾವುದಕ್ಕೆ ಹೋಲಿಸಿದಿರಿ? ಕೆಡುಕೇನು? ಕೇಳುವುದು ಅವಿನಯವಲ್ಲ. ನನ್ನನ್ನೂ ಕೇಳಿ.

ಶಾಲೆಯ ಉಪಾಧ್ಯಾಯರಲ್ಲಿ ಒಂದು ವಿನಂತಿ. ಅಂಗಳದಲ್ಲಿ ರಾಗಿಯ ಎರಡು ಸಣ್ಣ ಮಡಿ ಮಾಡಿಸಿ. ಒಂದಕ್ಕೆ ಜೀವಾಣು ಗೊಬ್ಬರದಿಂದ ಉಪಚರಿಸಿದ ಬೀಜ, ಇನ್ನೊಂದಕ್ಕೆ ಬರೀ ಬೀಜ. ಉಳಿದ ಆರೈಕೆ ಒಂದೇ ಆಗಿರಲಿ. ತೆನೆಯನ್ನು ಮಕ್ಕಳೇ ತೂಗಲಿ. ವ್ಯತ್ಯಾಸ ಕಾಣದಿದ್ದರೆ ಹಾಗೆಂದೇ ಬರೆಯಲಿ. ಆ ಮಗು ನಾಳೆ ಸೂಜಿಗೆ ಹೆದರಿ ಓಡುವುದಿಲ್ಲ, ಕಣ್ಣುಮುಚ್ಚಿ ತೋಳನ್ನೂ ಚಾಚುವುದಿಲ್ಲ.

ಈಗ ರಾಗಿಯ ವಿಷಯಕ್ಕೆ ಬರೋಣ.